ಮೈಸೂರಿನಿಂದ ಬರಬೇಕಿದ್ದ ಸಿಲಿಂಡರ್

ಚಾಮರಾಜನಗರ 1997ರಲ್ಲಿ ಮೈಸೂರಿನಿಂದ ಬೇರೆಯಾಗಿ ಹೊಸ ಜಿಲ್ಲೆಯಾಯಿತು. ಜಿಲ್ಲಾಧಿಕಾರಿ ಕಚೇರಿ ಬಂತು, ಎಸ್‌ಪಿ ಕಚೇರಿ ಬಂತು, ಮುಂದೆ ಸರ್ಕಾರಿ ಮೆಡಿಕಲ್ ಕಾಲೇಜೂ ಬಂತು. ಆಕ್ಸಿಜನ್ ಸಿಲಿಂಡರ್ ಮಾತ್ರ ಕೋವಿಡ್ ಎರಡನೇ ಅಲೆಯಲ್ಲೂ ಸುಮಾರು 60 ಕಿ.ಮೀ. ದೂರದ ಮೈಸೂರಿನಿಂದಲೇ ಬರಬೇಕಿತ್ತು. 2021ರ ಮೇ 2 ಮತ್ತು 3ರ ನಡುವೆ, ಒಂದೇ ದಿನದ ಅವಧಿಯಲ್ಲಿ, ಇಲ್ಲಿನ ಜಿಲ್ಲಾಸ್ಪತ್ರೆಯಲ್ಲಿ 24 ಮಂದಿ ತೀರಿಕೊಂಡರು. ತಪ್ಪು ಯಾವ ಅಧಿಕಾರಿಯದು ಎಂಬ ಜಗಳ ಆಗಲೇ ಬೇಕಾದಷ್ಟು ನಡೆದಿದೆ. ನಾವಿಲ್ಲಿ ನೋಡಲು ಹೊರಟಿರುವುದು ಆಕ್ಸಿಜನ್ ಬರುತ್ತಿದ್ದ ದಾರಿಯನ್ನು.

ಆ ದಾರಿ ಶುರುವಾಗುವುದು ಉಕ್ಕಿನ ಕಾರ್ಖಾನೆಗಳ ಪಕ್ಕದಲ್ಲಿ. ನಮ್ಮ ರಾಜ್ಯದಲ್ಲಿ ಅದರ ದೊಡ್ಡ ನೆಲೆ ಬಳ್ಳಾರಿ ಸೀಮೆಯ ತೋರಣಗಲ್ಲು. ಗಾಳಿಯನ್ನು ತಣ್ಣಗಾಗಿಸಿ ಆಕ್ಸಿಜನ್ ಬೇರ್ಪಡಿಸುತ್ತಾರೆ. ಮೈನಸ್ 183 ಡಿಗ್ರಿಗಿಂತ ತಣ್ಣಗಿದ್ದರಷ್ಟೇ ಅದು ದ್ರವವಾಗಿ ಉಳಿಯುವುದು, ಹಾಗಾಗಿ ಥರ್ಮಾಸ್ ಫ್ಲಾಸ್ಕಿನಂಥ ವಿಶೇಷ ಟ್ಯಾಂಕರೇ ಬೇಕು. ಅಂಥ ಟ್ಯಾಂಕರ್‌ಗಳು ದೇಶದಲ್ಲೇ ಕಡಿಮೆ. ಆ ದಿನಗಳಲ್ಲಿ ನೈಟ್ರೋಜನ್ ಟ್ಯಾಂಕರ್‌ಗಳನ್ನೂ ಮಾರ್ಪಡಿಸಿ ಓಡಿಸಿದರು. ಊರಿಗೆ ಬಂದ ದ್ರವವನ್ನು ಮರುಪೂರಣ ಘಟಕದಲ್ಲಿ ಅನಿಲ ಮಾಡಿ ಸಿಲಿಂಡರ್‌ಗೆ ತುಂಬಬೇಕು, ಅಲ್ಲಿಂದ ಲಾರಿ.

ನಮಗೆ ಮುಖ್ಯವೆನಿಸುವುದು ಖಾಲಿ ಸಿಲಿಂಡರ್. ತುಂಬಿದ್ದು ಹೋಗಬೇಕಾದರೆ ಖಾಲಿಯದು ವಾಪಸ್ ಬರಬೇಕು. ರೋಗಿಗಳು ಎರಡು ಪಟ್ಟಾದರೆ, ಇರುವಷ್ಟೇ ಸಿಲಿಂಡರ್‌ಗಳು ಎರಡು ಪಟ್ಟು ಬೇಗ ತಿರುಗಬೇಕು. ಲಾರಿ ಹೋಗಿಬರುವ ಹೊತ್ತು ಕಡಿಮೆಯಾಗುತ್ತದೆಯೇ? ತುಂಬುವ ಯಂತ್ರದ ವೇಗ ಹೆಚ್ಚುತ್ತದೆಯೇ? ಘಟಕದ ಮುಂದೆ ಮೈಸೂರಿನ ಆಸ್ಪತ್ರೆಗಳ ವಾಹನಗಳೂ ನಿಂತಿರುತ್ತವೆ. ಎರಡು ತಾಸು ತಡವಾದರೆ ಸರಕಿನ ಅಂಗಡಿಗೆ ಒಂದಿಷ್ಟು ನಷ್ಟ, ಉಸಿರಿಗೆ ಹಾಗಲ್ಲ.

ಮೇಲಿನವರ ಲೆಕ್ಕವೆಲ್ಲ ಟನ್ನಿನಲ್ಲಿತ್ತು. ರಾಜ್ಯಕ್ಕೆ ದಿನಕ್ಕೆ 965 ಟನ್ ಹಂಚಿಕೆಯಾಗಿತ್ತು. ಮೇ 5ರಂದು ಹೈಕೋರ್ಟ್ ಅದನ್ನು 1,200ಕ್ಕೆ ಏರಿಸಲು ಹೇಳಿತು, ಮೇ 7ರಂದು ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ಕೈಹಾಕಲು ಒಪ್ಪಲಿಲ್ಲ. ಮೇ 11ರಂದು ಟಾಟಾನಗರದಿಂದ 120 ಟನ್ ಹೊತ್ತ ಮೊದಲ ಆಕ್ಸಿಜನ್ ರೈಲು ಬೆಂಗಳೂರಿಗೆ ಬಂತು. ಇವೆಲ್ಲ ಬೇಕಾಗಿದ್ದವೇ. ಆದರೆ ರೈಲು ಬೆಂಗಳೂರಿಗೆ ಬಂದ ಮಾತ್ರಕ್ಕೆ ಚಾಮರಾಜನಗರದ ಹಾಸಿಗೆಗೆ ಗಾಳಿ ಬಂದಂತಲ್ಲ. ಕೊನೆಯ 60 ಕಿ.ಮೀ. ಯಾರ ಪಟ್ಟಿಯಲ್ಲಿತ್ತು?

ಮೊದಲೇ ಯಾರಿಗೂ ಹೊಳೆದಿರಲಿಲ್ಲ ಎನ್ನುವಂತಿಲ್ಲ. ಆಸ್ಪತ್ರೆಯಲ್ಲೇ ಆಕ್ಸಿಜನ್ ತಯಾರಿಸುವ 162 ಘಟಕಗಳಿಗೆ ಕೇಂದ್ರವು 2020ರ ಅಕ್ಟೋಬರ್‌ನಲ್ಲೇ ಟೆಂಡರ್ ಕರೆದಿತ್ತು. 2021ರ ಏಪ್ರಿಲ್ 18ರ ಹೊತ್ತಿಗೆ ಕೂತಿದ್ದು 33. ನಡುವೆ ಮೊದಲ ಅಲೆ ಇಳಿದಿತ್ತು, ಅವಸರವೂ ಇಳಿದಿತ್ತು. ಬೇಕೆಂದಾಗ ತರಿಸಿಕೊಳ್ಳುವುದು ಅಗ್ಗ, ದಾಸ್ತಾನು ದುಬಾರಿ ಎಂಬುದು ವ್ಯಾಪಾರದ ಲೆಕ್ಕ. ಆಸ್ಪತ್ರೆಗೂ ಅದನ್ನೇ ಹಾಕಿದ್ದೆವು.

ಹೈಕೋರ್ಟ್ ಸೂಚನೆಯಂತೆ ರಚನೆಯಾದ ಸಮಿತಿ ಅದೇ ಮೇ ತಿಂಗಳಲ್ಲಿ, ಚಾಮರಾಜನಗರದ ಸಾವುಗಳಿಗೆ ಆಕ್ಸಿಜನ್ ಕೊರತೆಯೇ ಕಾರಣ ಎಂದು ವರದಿ ಕೊಟ್ಟಿತು. ಜುಲೈ 20ರಂದು ಕೇಂದ್ರ ಸರ್ಕಾರ ರಾಜ್ಯಸಭೆಗೆ ಕೊಟ್ಟ ಉತ್ತರ: ಎರಡನೇ ಅಲೆಯಲ್ಲಿ ಆಕ್ಸಿಜನ್ ಕೊರತೆಯಿಂದ ಸಾವಾಗಿದೆ ಎಂದು ಯಾವ ರಾಜ್ಯವೂ ನಿರ್ದಿಷ್ಟವಾಗಿ ವರದಿ ಮಾಡಿಲ್ಲ.