ಧೂಳು ಯಾವ ಕಾಯ್ದೆಗೆ ಸೇರುತ್ತದೆ?

ಈಚೆಗೆ ಯಾವ ವಿಚಾರ ಸಂಕಿರಣಕ್ಕೆ ಹೋದರೂ ಒಂದೇ ಮಾತು: ಭಾರತದಲ್ಲಿ ಹವಾಮಾನ ಕಾನೂನು ಹುಟ್ಟಿದ್ದು 2024ರ ಮಾರ್ಚ್‌ನಲ್ಲಿ, ಸುಪ್ರೀಂ ಕೋರ್ಟಿನ ರಂಜಿತ್‌ಸಿನ್ಹ್ ತೀರ್ಪಿನಿಂದ. ಹವಾಮಾನ ಬದಲಾವಣೆಯ ದುಷ್ಪರಿಣಾಮಕ್ಕೆ ಈಡಾಗದಿರುವುದೂ ಸಂವಿಧಾನದ 14 ಮತ್ತು 21ನೇ ವಿಧಿಗಳಡಿ ಹಕ್ಕು ಎಂದಿತು ಆ ತೀರ್ಪು. ದೊಡ್ಡ ಮಾತೇ. ಆದರೆ ಎರೆಭೂತ ಹಕ್ಕಿ ಬಡಿದು ಸಾಯದಂತೆ ವಿದ್ಯುತ್ ತಂತಿಗಳನ್ನು ನೆಲದಡಿ ಹೂಳಬೇಕೆಂಬ ಹಿಂದಿನ ಆದೇಶವನ್ನು ಸಡಿಲಿಸಿ, ಆ ಹಕ್ಕಿಯ ಗತಿಯನ್ನು ತಜ್ಞರ ಸಮಿತಿಗೆ ಒಪ್ಪಿಸಿದ್ದೂ ಅದೇ ತೀರ್ಪು. ಇದನ್ನು ಭಾಷಣಕಾರರು ಹೇಳುವುದಿಲ್ಲ. ಚಿತ್ರದುರ್ಗದ ಕೋರ್ಟಿನ ಮೆಟ್ಟಿಲನ್ನು ವಕೀಲಿಕೆಯಲ್ಲಿ ಮೂವತ್ತು ವರ್ಷ ಸವೆಸಿದ ನನಗೆ ಕತೆ ಬೇರೆ ಕಡೆಯಿಂದ ಶುರುವಾಗುತ್ತದೆ.

ಹಳೆಯದನ್ನು ಬೇಗ ಮುಗಿಸುತ್ತೇನೆ. ಮೈಸೂರು–ಮದ್ರಾಸುಗಳ 1892ರ ಒಪ್ಪಂದದ ನದಿಪಟ್ಟಿಯಲ್ಲಿ ನಮ್ಮ ವೇದಾವತಿಯೂ ಇದೆ. ಮೇಲಿನವನು ಕಟ್ಟೆ ಕಟ್ಟುವ ಮುಂಚೆ ಕೆಳಗಿನವನನ್ನು ಕೇಳಬೇಕು ಎಂಬುದು ಅದರ ಸಾರ. ಅದೇ ನದಿಗೆ ಕಟ್ಟಿದ ಹಿರಿಯೂರಿನ ಮಾರಿಕಣಿವೆ ಅಣೆಕಟ್ಟು 1907ಕ್ಕೆ ಮುಗಿಯಿತು. ಆಮೇಲೆ 1974ರ ಜಲ ಕಾಯ್ದೆ, 1980ರ ಅರಣ್ಯ ಸಂರಕ್ಷಣಾ ಕಾಯ್ದೆ, 1981ರ ವಾಯು ಕಾಯ್ದೆ, ಭೋಪಾಲ ದುರಂತದ ಬೆನ್ನಿಗೆ 1986ರ ಪರಿಸರ ಕಾಯ್ದೆ. ಈ ಕೊನೆಯದರಡಿ ಸಾಮಾನ್ಯ ನಾಗರಿಕನೂ ದೂರು ಕೊಡಬಹುದಿತ್ತು, 60 ದಿನ ಮುಂಚೆ ನೋಟಿಸು ಕೊಟ್ಟರೆ. ಧೂಳೆಬ್ಬಿಸಿದವನಿಗೆ ನೀರು ಚಿಮುಕಿಸಿಕೊಳ್ಳಲು ಎರಡು ತಿಂಗಳ ವಾಯಿದೆ ಎಂದು ನನ್ನ ಹಿರಿಯರು ನಗುತ್ತಿದ್ದರು.

ನಮ್ಮ ತಲೆಮಾರು ಕಾನೂನು ಕಲಿತದ್ದು ಚೀನಾ ನಮ್ಮ ಅದಿರು ಕೊಳ್ಳಲು ನಿಂತಮೇಲೆ. ಭೀಮಸಮುದ್ರ ಅಡಿಕೆಗೆ ಹೆಸರಾದ ಊರು. ಅದರ ರಸ್ತೆಗೆ ಅದಿರು ಲಾರಿಗಳು ಬಂದವು. 2006ರ ಪರಿಸರ ಪರಿಣಾಮ ಅಂದಾಜು (ಇಐಎ) ಅಧಿಸೂಚನೆಯಂತೆ ನಡೆದ ಅಹವಾಲು ಸಭೆಯೊಂದರಲ್ಲಿ ರೈತನೊಬ್ಬ ಟವೆಲ್‌ನಲ್ಲಿ ಸುತ್ತಿ ತಂದ ಹೊಂಬಾಳೆಯನ್ನು ಮೇಜಿನ ಮೇಲೆ ಹಿಡಿದು ಕೊಡವಿದ. ಅಧಿಕಾರಿಯ ಬಿಳಿ ಕಾಗದದ ಮೇಲೆ ಕೆಮ್ಮಣ್ಣು ಕುಂಕುಮದಂತೆ ಉದುರಿತು. ನಡಾವಳಿಯಲ್ಲಿ ದಾಖಲಾದದ್ದು ಇಷ್ಟೇ: ಸ್ಥಳೀಯರು ಧೂಳಿನ ಬಗ್ಗೆ ಪ್ರಸ್ತಾಪಿಸಿದರು.

2009ರಲ್ಲಿ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಅಕ್ರಮ ಗಣಿಗಾರಿಕೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಯಿತು. 2011ರ ಜುಲೈನಲ್ಲಿ ಬಳ್ಳಾರಿಯ ಗಣಿಗಳು ನಿಂತವು, ಆಗಸ್ಟ್‌ನಲ್ಲಿ ಚಿತ್ರದುರ್ಗ, ತುಮಕೂರಿನವು. ಅದೇ ಜುಲೈನ ಲೋಕಾಯುಕ್ತ ಸಂತೋಷ್ ಹೆಗ್ಡೆ ವರದಿಯನ್ನು ಜನ ಮುಖ್ಯಮಂತ್ರಿ ಕುರ್ಚಿ ಅಲುಗಿಸಿದ್ದಕ್ಕೆ ನೆನೆಯುತ್ತಾರೆ. ನನಗೆ ಹೆಚ್ಚು ಬೆಲೆಯದ್ದೆನಿಸುವುದು ಸುಪ್ರೀಂ ಕೋರ್ಟು ನೇಮಿಸಿದ ಕೇಂದ್ರ ಉನ್ನತಾಧಿಕಾರ ಸಮಿತಿಯ ಸರ್ವೆ. 166 ಗುತ್ತಿಗೆಗಳ ಗಡಿ ಅಳೆದು, ಅಕ್ರಮ ಹೆಚ್ಚಿದಂತೆ ಎ, ಬಿ, ಸಿ ಎಂದು ವಿಂಗಡಿಸಿದರು. 2013ರ ಏಪ್ರಿಲ್ 18ರ ತೀರ್ಪು ಸಿ ವರ್ಗದವನ್ನು ರದ್ದು ಮಾಡಿತು. ಉತ್ಪಾದನೆಗೂ ಮಿತಿ ಬಂತು: ಬಳ್ಳಾರಿಗೆ ವರ್ಷಕ್ಕೆ 2.5 ಕೋಟಿ ಟನ್, ಚಿತ್ರದುರ್ಗ–ತುಮಕೂರಿಗೆ ಸೇರಿ 50 ಲಕ್ಷ. ಅರಣ್ಯ ಸಂಶೋಧನಾ ಮಂಡಳಿಯ ಅಧ್ಯಯನ ಮುಂದಿಟ್ಟುಕೊಂಡು, ಈ ನೆಲ ಎಷ್ಟು ತಾಳೀತು ಎಂದು ಕೇಳಿ ಹಾಕಿದ ಲೆಕ್ಕ ಅದು. ಹವಾಮಾನ ನೀತಿಯ ಬೇರು ಇಲ್ಲಿದೆ ಎಂದು ನಾನು ವಾದಿಸುತ್ತೇನೆ, ಒಪ್ಪುವವರು ಕಡಿಮೆ. ಆ 50 ಲಕ್ಷ 2017ರಲ್ಲಿ 70 ಲಕ್ಷವಾಯಿತು, 2022ರಲ್ಲಿ ಒಂದೂವರೆ ಕೋಟಿ. ಗಣಿ ಹಣದಿಂದ ಊರು ಸರಿಪಡಿಸಲು ಹುಟ್ಟಿದ ಗಣಿ ಪರಿಸರ ಪುನಶ್ಚೇತನ ನಿಗಮದ ಸಾವಿರಾರು ಕೋಟಿ ಮಾತ್ರ ವರ್ಷಗಟ್ಟಲೆ ಬ್ಯಾಂಕಿನಲ್ಲೇ ಬೆಚ್ಚಗಿತ್ತು.

ಇತ್ತ 2008ರಲ್ಲಿ ರಾಷ್ಟ್ರೀಯ ಹವಾಮಾನ ಕ್ರಿಯಾ ಯೋಜನೆ ಬಂತು, ಎಂಟು ಮಿಷನ್‌ಗಳೊಂದಿಗೆ. ನಮ್ಮ ಪಾಲಿಗೆ ಅದು ಕಾಣಿಸುವುದು ಗುಡ್ಡದ ತಲೆಯ ಮೇಲೆ ತಿರುಗುವ ಗಾಳಿಯಂತ್ರದಲ್ಲಿ. 2006ರ ಅಧಿಸೂಚನೆಯ ಪಟ್ಟಿಯಲ್ಲಿ ಗಾಳಿಯಂತ್ರದ ಹೆಸರೇ ಇಲ್ಲ. ಅರಣ್ಯಭೂಮಿಯಾದರೆ 1980ರ ಕಾಯ್ದೆಯ ಒಪ್ಪಿಗೆ ಬೇಕು. ಕಂದಾಯ ಭೂಮಿಯಾದರೆ ಆ ಅಧಿಸೂಚನೆಯ ಅಹವಾಲು ಸಭೆಯ ಗೊಡವೆಯೂ ಇಲ್ಲ. ಮಾರುದ್ದದ ರೆಕ್ಕೆ ಸಾಗಿಸಲು ಕಡಿದ ಗುಡ್ಡರಸ್ತೆಯಲ್ಲಿ ಮಳೆನೀರು ಎತ್ತ ಹರಿಯಿತು, ಕೆಳಗಿನ ಕೆರೆಗೆ ಎಷ್ಟು ಹೂಳು ಬಂತು, ಕುರಿಯವರು ಎಲ್ಲಿ ಸುತ್ತಿ ಹೋದರು ಎಂದು ಬರೆದಿಡುವ ಕಡತವನ್ನು ನಾನು ಕಂಡಿಲ್ಲ. ಶುದ್ಧ ಎನಿಸಿಕೊಂಡದ್ದನ್ನು ಯಾರೂ ಕೇಳಬಾರದು ತಾನೆ! ಪಕ್ಕದ ಚಳ್ಳಕೆರೆಯ ಅಮೃತಮಹಲ್ ಕಾವಲಿನ ಹುಲ್ಲುಗಾವಲು ಪರಭಾರೆಯಾದದ್ದು ಹಸಿರು ನ್ಯಾಯಮಂಡಳಿವರೆಗೆ ಹೋಯಿತು. ಹುಲ್ಲುಗಾವಲನ್ನು ಬರಡು ಎಂದು ಬರೆಯುವ ಚಾಳಿ ಹೋಗಲಿಲ್ಲ.

ನೀರಿನದು ಇನ್ನೂ ಗೋಜಲು. ರಾಜ್ಯದ ಅಂತರ್ಜಲ ಕಾಯ್ದೆ 2011ರದು. ಹೊಳಲ್ಕೆರೆಯ ತೋಟಗಳಲ್ಲಿ ಕೊಳವೆಬಾವಿ ಕೊರೆಯುವ ಲಾರಿಗೆ ಅದು ಗೊತ್ತಿದ್ದಂತಿಲ್ಲ. ಭದ್ರಾ ನದಿಯ ನೀರನ್ನು ಇತ್ತ ತಿರುಗಿಸಿದಮೇಲೆ, ಒಳ್ಳೆ ಮಳೆಯೂ ಸೇರಿ, 1933ರ ಬಳಿಕ ಮೊದಲ ಬಾರಿಗೆ 2022ರಲ್ಲಿ ಮಾರಿಕಣಿವೆ ಕೋಡಿ ಬಿತ್ತು. ಹಿರಿಯೂರಿನವರು ಬಾಗಿನ ಬಿಟ್ಟರು. ಹೊಸದುರ್ಗದ ಹಿನ್ನೀರಿನ ತೋಟಗಳಲ್ಲಿ ನೀರು ನಿಂತಿತು.

ಅಲ್ಲಿಂದ ಒಬ್ಬ ಕಕ್ಷಿದಾರ ಬಂದ. ಅರ್ಜಿಯ ತಲೆಯ ಮೇಲೆ ನೀರಾವರಿ ಕಾಯ್ದೆ ಬರೆಯಲೋ, ವಿಪತ್ತು ನಿರ್ವಹಣೆಯದೋ, 1986ರದೋ ಎಂದು ಇಡೀ ಮಧ್ಯಾಹ್ನ ಕೂತೆ. ಕಡೆಗೆ ಬೆಳೆಹಾನಿಯ ಮಾಮೂಲಿ ನಮೂನೆಯನ್ನೇ ತುಂಬಿದೆವು. ‘ಕಾರಣ’ ಎಂಬಲ್ಲಿ ಅರ್ಧ ಸಾಲಿನ ಜಾಗವಿತ್ತು. ನೀರು ನಿಂತದ್ದು ಎಂದು ಬರೆದೆ.