ಸಾಫ್ಟ್‌ವೇರ್ ಒಬ್ಬರದು, ಕೂರಿಸುವವರು ಇನ್ನೊಬ್ಬರು

ಸೊರಬ ತಾಲ್ಲೂಕಿನ ಕುಬಟೂರು ಸೀಮೆಯ ಅಡಿಕೆ ಬೆಳೆಗಾರರಿಗೆ ಇವತ್ತು ಮೂರು ಕಡೆ ಕಂಪ್ಯೂಟರ್‌ ಎದುರಾಗುತ್ತದೆ: ಪಹಣಿ ತೆಗೆಸುವಾಗ ‘ಭೂಮಿ’, ಎಪಿಎಂಸಿಯಲ್ಲಿ ಆನ್‌ಲೈನ್ ಟೆಂಡರ್, ಸಹಕಾರ ಸಂಘದಲ್ಲಿ ಬೆಳೆಸಾಲದ ಖಾತೆ. ಮೂರನ್ನೂ ತಂದು ಕೂರಿಸಿದವರು ಬೇರೆ ಬೇರೆ. ಅವರ ಜೊತೆ ಆದ ಒಪ್ಪಂದದ ಬಗೆಯೂ ಬೇರೆ. ಹೊಸ ಸಾಫ್ಟ್‌ವೇರ್ ಹಾಕಿಸಲು ಹೊರಟ ಮಂಡಿ, ಮಿಲ್ಲು, ಕಾರ್ಖಾನೆಗಳಿಗೆ ಇಂಪ್ಲಿಮೆಂಟೇಶನ್ ಪಾರ್ಟ್‌ನರನ್ನು, ಅಂದರೆ ಅದನ್ನು ಕೂರಿಸಿ ಕೊಡುವವರನ್ನು, ಆರಿಸುವ ಪಾಠ ಈ ಮೂರರಲ್ಲೇ ಬೇಕಾದಷ್ಟಿದೆ.

ಮೊದಮೊದಲು ಈ ಪ್ರಶ್ನೆಯೇ ಇರಲಿಲ್ಲ. ಬರೆದವರೇ ಬಂದು ಕೂರಿಸುತ್ತಿದ್ದರು. ಇನ್ಫೋಸಿಸ್ 1983ರಲ್ಲಿ ಪುಣೆಯಿಂದ ಬೆಂಗಳೂರಿಗೆ ಬಂದದ್ದೇ ಮೈಕೋ ಕಂಪನಿಯ ಕೆಲಸ ಹಿಡಿದು. ಒಂದು ಕಂಪನಿಗೆ ಒಂದು ಸಾಫ್ಟ್‌ವೇರ್, ಅಳತೆ ತೆಗೆದು ಹೊಲಿದ ಅಂಗಿಯ ಹಾಗೆ. 1986ರಲ್ಲಿ ಶುರುವಾದ ಟ್ಯಾಲಿ ಲೆಕ್ಕಪತ್ರವನ್ನು ಸಿದ್ಧ ಪ್ಯಾಕೇಜಾಗಿ ಮಾರತೊಡಗಿತು. 1992ರಲ್ಲಿ ಜರ್ಮನಿಯ ಎಸ್‌ಎಪಿ ಕಂಪನಿಯ ಆರ್‌/3 ಬಂದ ಮೇಲೆ ಖರೀದಿ, ದಾಸ್ತಾನು, ಮಾರಾಟ, ಸಂಬಳ ಎಲ್ಲವೂ ಒಂದೇ ಇಆರ್‌ಪಿಯೊಳಗೆ ಸೇರಿದವು. ಲೈಸೆನ್ಸ್ ಮಾರುವುದು ಒಬ್ಬರ ವ್ಯಾಪಾರ, ಅದನ್ನು ಗಿರಾಕಿಯ ಮನೆಗೆ ಹೊಂದಿಸಿ ಕೊಡುವುದು ಇನ್ನೊಬ್ಬರ ವ್ಯಾಪಾರವಾಯಿತು. ಈ ಎರಡನೆಯ ವ್ಯಾಪಾರದಿಂದ ಬೆಂಗಳೂರಿನ ಕಂಪನಿಗಳು ಚೆನ್ನಾಗಿ ಬೆಳೆದವು. ಗಿರಾಕಿಯ ಪಾಲಿಗೆ ಮಾತ್ರ ಹೊಸ ತಲೆನೋವು: ಸಾಫ್ಟ್‌ವೇರ್ ಎಷ್ಟೇ ಹೆಸರುವಾಸಿಯಾದರೂ ಕೂರಿಸುವವರು ಸರಿಯಿಲ್ಲದಿದ್ದರೆ ದುಡ್ಡು ನೀರಿಗೆ ಹಾಕಿದಂತೆ.

ದೊಡ್ಡವರೂ ಇದರಲ್ಲಿ ಮುಗ್ಗರಿಸಿದ್ದಾರೆ. ಅಮೆರಿಕದ ಚಾಕೊಲೇಟ್ ಕಂಪನಿ ಹರ್ಷೀಸ್, ಅವಸರದ ಗಡುವು ಹಾಕಿಕೊಂಡು 1999ರ ಜುಲೈನಲ್ಲಿ ಹೊಸ ವ್ಯವಸ್ಥೆಯನ್ನು ಒಂದೇ ಸಲಕ್ಕೆ ಚಾಲೂ ಮಾಡಿತು. ಮುಂದೆಯೇ ಹ್ಯಾಲೋವೀನ್ ಹಬ್ಬದ ಸುಗ್ಗಿ. ಗೋದಾಮಿನಲ್ಲಿ ಮಾಲಿದ್ದೂ ಸುಮಾರು 10 ಕೋಟಿ ಡಾಲರಿನ ಆರ್ಡರು ಅಂಗಡಿ ಮುಟ್ಟಲಿಲ್ಲ. ಜರ್ಮನಿಯ ಲಿಡ್ಲ್ ಕಿರಾಣಿ ಸರಪಳಿಯದು ಇನ್ನೊಂದು ಕಥೆ. ಅವರು ದಾಸ್ತಾನಿನ ಬೆಲೆ ಕಟ್ಟುತ್ತಿದ್ದುದು ಕೊಂಡ ದರದಲ್ಲಿ. ಎಸ್‌ಎಪಿಯ ಪ್ಯಾಕೇಜು ಕಟ್ಟುತ್ತಿದ್ದುದು ಮಾರುವ ದರದಲ್ಲಿ. ತಮ್ಮ ಪದ್ಧತಿ ಬಿಡಲೊಲ್ಲದೆ ಪ್ಯಾಕೇಜನ್ನೇ ತಿದ್ದಿಸಲು ಹೋಗಿ, ಏಳು ವರ್ಷ ಎಳೆದು, ಸುಮಾರು 50 ಕೋಟಿ ಯೂರೋ ಸುರಿದ ಮೇಲೆ 2018ರಲ್ಲಿ ಕೈಬಿಟ್ಟರು. ಇಂಥ ವ್ಯತ್ಯಾಸವನ್ನು ಮೊದಲ ತಿಂಗಳಲ್ಲೇ ಎತ್ತಿ ತೋರಿಸಿ, ‘ಇದು ಆಗುತ್ತದೆ, ಇದು ಬೇಡ’ ಎಂದು ಹೇಳಬೇಕಾದದ್ದೇ ಪಾರ್ಟ್‌ನರ್ ಕೆಲಸ.

ಕರ್ನಾಟಕದ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪಾಠ ಭೂದಾಖಲೆಯದು. 1991ರಲ್ಲಿ ಕಲಬುರಗಿ ಜಿಲ್ಲೆಯಲ್ಲಿ ಪ್ರಾಯೋಗಿಕವಾಗಿ ಗಣಕೀಕರಣ ಶುರುವಾಯಿತು. 1996ರ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ಮಂಜೂರಾಯಿತು. ಆದರೆ ದಾಖಲೆ ದಿನದಿನವೂ ಬದಲಾಗುವ ತಾಲ್ಲೂಕು ಕಚೇರಿಗೆ ಕಂಪ್ಯೂಟರನ್ನೇ ಕೊಟ್ಟಿರಲಿಲ್ಲ. ಅತ್ತ ಕೈಬರಹದ ಪುಸ್ತಕದಲ್ಲಿ ಹಕ್ಕು ಬದಲಾವಣೆ (ಮ್ಯುಟೇಶನ್) ಏರುತ್ತಲೇ ಇತ್ತು, ಇತ್ತ ಡೇಟಾ ಹಳಸುತ್ತಲೇ ಇತ್ತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ ಬಂದ ‘ಭೂಮಿ’ ಯೋಜನೆಯಲ್ಲಿ ಕೆಲಸ ಹಂಚಿದ ರೀತಿಯೇ ಬೇರೆ. ಸಾಫ್ಟ್‌ವೇರ್ ಕೇಂದ್ರ ಸರ್ಕಾರದ ಎನ್‌ಐಸಿಯದು, ಡೇಟಾ ಎಂಟ್ರಿ ಖಾಸಗಿ ಸಂಸ್ಥೆಗಳದು, ಮೂಲಕ್ಕೆ ತಾಳೆ ನೋಡುವುದು ಇಲಾಖೆಯದೇ ಗ್ರಾಮ ಲೆಕ್ಕಿಗರದು. ಸುಮಾರು 2 ಕೋಟಿ ಪಹಣಿಗಳು ಹೀಗೆ ಒಳಗೆ ಬಂದವು. ಗಣಕೀಕರಣ ಮುಗಿದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಬೆಲೆಯೇ ಇಲ್ಲವೆಂದು ಸರ್ಕಾರ ಸಾರಿತು. ಹಳೆಯದಕ್ಕೆ ಮರಳುವ ದಾರಿ ಮುಚ್ಚಿದ್ದರಿಂದ ಹೊಸದು ನಿಂತಿತು; ತಾಳೆ ಮೊದಲೇ ಮುಗಿದಿದ್ದರಿಂದ ಹಾಗೆ ಮುಚ್ಚಲು ಧೈರ್ಯ ಬಂತು.

ಮಾರುಕಟ್ಟೆಯಲ್ಲಿ ಸರ್ಕಾರ ಹಿಡಿದದ್ದು ಪಾಲುದಾರಿಕೆಯ ದಾರಿ. 2014ರಲ್ಲಿ ಸರಕು ವಿನಿಮಯ ಕೇಂದ್ರ ಎನ್‌ಸಿಡಿಇಎಕ್ಸ್ ಬಳಗದ ಕಂಪನಿಯ ಜೊತೆ ಸಮಪಾಲಿನಲ್ಲಿ ‘ರಾಷ್ಟ್ರೀಯ ಇ-ಮಾರ್ಕೆಟ್ ಸರ್ವೀಸಸ್’ ಕಟ್ಟಿ, ಎಪಿಎಂಸಿಗಳನ್ನು ಏಕೀಕೃತ ಮಾರುಕಟ್ಟೆ ವೇದಿಕೆಗೆ ತಂದಿತು. ಕೂರಿಸಿದವರಿಗೂ ಪಾಲಿದ್ದರೆ ಅವರು ಅರ್ಧಕ್ಕೆ ಎದ್ದು ಹೋಗುವುದಿಲ್ಲ. ಇದು ಈ ಮಾದರಿಯ ಬಲ. ಆದರೆ ಟೆಂಡರ್ ಆನ್‌ಲೈನಾದ ವೇಗದಲ್ಲಿ ಗುಣಮಟ್ಟ ಪರೀಕ್ಷೆಯ ಏರ್ಪಾಡು ಎಲ್ಲ ಕಡೆ ಬರಲಿಲ್ಲ. ಅಡಿಕೆಯನ್ನೇ ನೋಡಿ: ಶಿವಮೊಗ್ಗ ಮಾರುಕಟ್ಟೆಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಒಂದೊಂದಕ್ಕೂ ಬೇರೆ ಧಾರಣೆ. ರಾಶಿಗೂ ಗೊರಬಲಿಗೂ ಅಜಗಜಾಂತರ. ‘ಅಡಿಕೆ’ ಎಂದು ಒಂದೇ ಐಟಂ ಇಟ್ಟುಕೊಂಡು ಡೆಮೊ ತೋರಿಸುವ ವೆಂಡರ್ ಮಂಡಿಯ ಹೊಸ್ತಿಲು ತುಳಿದವನಲ್ಲ ಎಂದು ಅಲ್ಲೇ ತಿಳಿಯಬಹುದು.

ಮೂರನೆಯದು ಸಹಕಾರ ಸಂಘಗಳದ್ದು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ಗದಗ ಸೀಮೆಯ ಕಣಗಿನಹಾಳದಲ್ಲಿ. ಅಂಥ 63,000 ಸಂಘಗಳನ್ನು ಒಂದೇ ಇಆರ್‌ಪಿಗೆ ತರಲು ಕೇಂದ್ರ ಸಂಪುಟ 2022ರ ಜೂನ್‌ನಲ್ಲಿ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿತು. ನಬಾರ್ಡ್ ಉಸ್ತುವಾರಿಯಲ್ಲಿ ಸಾಫ್ಟ್‌ವೇರ್ ದೇಶಕ್ಕೆಲ್ಲ ಒಂದೇ. ಸಂಘದ ಬಾಗಿಲಿಗೆ ಬಂದು ಕೂರಿಸುವ ಸಿಸ್ಟಂ ಇಂಟಿಗ್ರೇಟರ್ ಮಾತ್ರ ಆಯಾ ರಾಜ್ಯದ ಆಯ್ಕೆ. ತಯಾರಿಸುವವರು, ಕೂರಿಸುವವರು ಬೇರೆಯಾದ ಆ ಹಳೆಯ ಕಥೆ ಈಗ ಹಳ್ಳಿಯ ಸಂಘಕ್ಕೂ ಬಂತು.

ಇಲ್ಲಿ ಕಷ್ಟ ಎಲ್ಲಿ ಬರುತ್ತದೆಂದು ಒಂದೇ ಖಾತೆಯಲ್ಲಿ ನೋಡಬಹುದು. ಕರ್ನಾಟಕದಲ್ಲಿ ಬೆಳೆಸಾಲಕ್ಕೆ ಶೂನ್ಯ ಬಡ್ಡಿ. 3 ಲಕ್ಷ ರೂಪಾಯಿ ಇದ್ದ ಮಿತಿ 2023ರ ಬಜೆಟ್‌ನಲ್ಲಿ 5 ಲಕ್ಷಕ್ಕೆ ಏರಿತು. ಸದಸ್ಯರಿಗೆ ಬಡ್ಡಿಯಿಲ್ಲ, ಆದರೆ ಸಂಘದ ಪುಸ್ತಕದಲ್ಲಿ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಅದನ್ನು ಸರ್ಕಾರಗಳಿಂದ ಕ್ಲೇಮು ಮಾಡಿಕೊಳ್ಳಬೇಕು. ವಾಯಿದೆ ತಪ್ಪಿದರೆ ಹೊರೆ ಸಾಲಗಾರರ ತಲೆಗೆ. ಹಳೆಯ ಲೆಡ್ಜರಿನಲ್ಲಿ ವಾಯಿದೆಯ ದಿನಾಂಕ ತಪ್ಪಾಗಿದ್ದರೆ ಹೊಸ ಕಂಪ್ಯೂಟರು ಆ ತಪ್ಪಿಗೇ ಚಾಚೂತಪ್ಪದೆ ಬಡ್ಡಿ ಹಾಕುತ್ತದೆ. ದಿನಾಂಕ ಸರಿಯೇ ಎಂದು ಹೇಳಬಲ್ಲವರು ಸಂಘದ ಕಾರ್ಯದರ್ಶಿಯೇ ಹೊರತು ಇಂಟಿಗ್ರೇಟರ್ ಕಳಿಸಿದ ಹುಡುಗನಲ್ಲ.

ಹಾಗಾಗಿ ಪಾರ್ಟ್‌ನರ್ ಆರಿಸುವಾಗ ಕೇಳಬೇಕಾದದ್ದು ಬ್ರೋಷರಿನಲ್ಲಿ ಸಿಗುವುದಿಲ್ಲ. ನಮ್ಮಂಥದೇ ವ್ಯಾಪಾರದಲ್ಲಿ ಮಾಡಿದ್ದೀರಾ, ಅಲ್ಲಿಗೆ ಹೋಗಿ ಮಾತಾಡಿಸಬಹುದೇ? ಟೆಂಡರಿನಲ್ಲಿ ತೋರಿಸಿದವರೇ ಬರುತ್ತಾರೋ, ಬೇರೆಯವರೋ? ಹಳೆ ಡೇಟಾ ಯಾರು ತರುತ್ತಾರೆ, ಯಾರು ಸಹಿ ಹಾಕುತ್ತಾರೆ? ಹಳೆಯದು, ಹೊಸದು ಜೊತೆಜೊತೆಗೆ ಎಷ್ಟು ತಿಂಗಳು ನಡೆಯುತ್ತವೆ? ಕಂತಿನ ಹಣಕ್ಕೆ ಶಿಲ್ಕು ತಾಳೆಯಾಗುವ ಷರತ್ತು ಇದೆಯೇ? ನಾಳೆ ಬಿಟ್ಟು ಹೋಗುವುದಾದರೆ ಡೇಟಾ ಯಾವ ರೂಪದಲ್ಲಿ ಕೈಗೆ ಸಿಗುತ್ತದೆ? ಕಡಿಮೆ ದರವನ್ನಷ್ಟೇ ನೋಡಿ ಕೆಲಸ ಕೊಟ್ಟರೆ ಇವಕ್ಕೆಲ್ಲ ಉತ್ತರ ವಾರ್ಷಿಕ ನಿರ್ವಹಣೆಯ (ಎಎಂಸಿ) ಬಿಲ್ಲಿನಲ್ಲಿ ಬರುತ್ತದೆ.

ಮೂರು ದಶಕಗಳಲ್ಲಿ ಸಾಫ್ಟ್‌ವೇರ್ ಬದಲಾಗಿದೆ, ಒಪ್ಪಂದದ ಮಾದರಿ ಬದಲಾಗಿದೆ. ಪಾರ್ಟ್‌ನರ್‌ಗೆ ವಹಿಸಬಾರದ ಕೆಲಸವೊಂದು ಮಾತ್ರ ಹಾಗೆಯೇ ಉಳಿದಿದೆ: ಸ್ವಂತ ಲೆಕ್ಕವನ್ನು ತಾಳೆ ನೋಡುವುದು. ಅದಕ್ಕೆ ತಮ್ಮಲ್ಲೇ ಒಬ್ಬರನ್ನು ಬಿಡುವು ಮಾಡಿ ಕೂರಿಸಲಾಗದ ಸಂಸ್ಥೆ ಟೆಂಡರ್ ಕರೆಯುವುದನ್ನು ಒಂದು ವರ್ಷ ಮುಂದೂಡುವುದೇ ಲೇಸು.