ಲಾರಿ ಎಂಜಿನ್ನು, ಸ್ಪೋರ್ಟ್ಸ್ ಕಾರು ಮತ್ತು ಕೋರಮಂಡಲ್ ಪಕ್ಕದ ಟಾಟ್ರಾ

ಇವತ್ತಿನ ಎಪಿಸೋಡ್‌ನ ಪ್ರಶ್ನೆ ಒಂದೇ ಸಾಲಿನದು. ದೊಡ್ಡ ಲಾರಿಯ ಎಂಜಿನ್ ಬಿಚ್ಚಿ ಹೊಸ ಸ್ಪೋರ್ಟ್ಸ್ ಕಾರಿಗೆ ಕೂರಿಸಿದ್ರೆ ಸರಿಹೋಗುತ್ತಾ?

ರೀಲ್ಸ್‌ನಲ್ಲಿ ಇಂಥ ವಿಡಿಯೋ ನೀವೂ ನೋಡಿರ್ತೀರಿ. ಬಾನೆಟ್ ಕತ್ತರಿಸಿರ್ತಾರೆ, ಹಿಂದೆ ಕಪ್ಪು ಹೊಗೆ, ಜನರಿಂದ ಶಿಳ್ಳೆ. ಆಮೇಲೆ ಟೀ ಅಂಗಡಿ ಮುಂದೆ ವಾದ ಶುರು. ಒಬ್ಬ "ಪವರ್ ಅಂದ್ರೆ ಪವರ್ ಗುರು, ಎಲ್ಲಿಂದ ಬಂದ್ರೇನು" ಅಂತಾನೆ. ಇನ್ನೊಬ್ಬ "ಆನೇನ ಓಟದ ಪಂದ್ಯಕ್ಕೆ ಬಿಟ್ಟ ಹಾಗಾಯ್ತು" ಅಂತಾನೆ. ಇಬ್ಬರ ಮಾತಲ್ಲೂ ಅರ್ಧ ಸತ್ಯ ಇದೆ. ಉಳಿದರ್ಧಕ್ಕೆ ಸ್ವಲ್ಪ ಇತಿಹಾಸ ಬೇಕು. ಆ ಇತಿಹಾಸ ನಮ್ಮ ಕೆಜಿಎಫ್ ಪಕ್ಕದಲ್ಲೇ ಹಾದು ಹೋಗುತ್ತೆ.

ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತಿದ್ರೆ ದಾರಿಯಲ್ಲಿ ಬೆಮಲ್ ನಗರ ಸಿಗುತ್ತೆ, ಹಾಗೇ ಕೋರಮಂಡಲ್. ಬೆಮಲ್ ಶುರುವಾಗಿದ್ದು 1964ರಲ್ಲಿ. ಬುಲ್ಡೋಜರ್, ಎಕ್ಸ್‌ಕವೇಟರ್ ಥರದ ಮಣ್ಣು ಅಗೆಯೋ ಯಂತ್ರಗಳಿಗೆ ಹೆಸರಾದ ಸರ್ಕಾರಿ ಕಂಪನಿ. ಇದೇ ಬೆಮಲ್ 1986ರಲ್ಲಿ ಆಗಿನ ಚೆಕೊಸ್ಲೊವಾಕಿಯಾದ ಜೊತೆ ಒಪ್ಪಂದ ಮಾಡ್ಕೊಂಡು ನಮ್ಮ ಸೇನೆಗೆ ಟಾಟ್ರಾ ಲಾರಿಗಳನ್ನ ಕೊಡೋಕೆ ಶುರುಮಾಡ್ತು. ಗಣರಾಜ್ಯೋತ್ಸವದ ಪರೇಡ್‌ನಲ್ಲಿ ಪಿನಾಕಾ ರಾಕೆಟ್ ಲಾಂಚರ್ ಹೊತ್ತು ಬರೋ ಎಂಟು ಚಕ್ರದ ಗಾಡಿ ನೋಡಿದೀರಲ್ಲ, ಅದು ಟಾಟ್ರಾ. 2012ರ ಖರೀದಿ ವಿವಾದದಿಂದಾಗಿ ಹೆಚ್ಚಿನವರಿಗೆ ಆ ಹೆಸರು ಗೊತ್ತು. ನಾನಿವತ್ತು ಅದರ ಎಂಜಿನ್ ಬಗ್ಗೆ ಮಾತ್ರ ಮಾತಾಡ್ತೀನಿ.

ಟಾಟ್ರಾ 815 ಲಾರಿಯ ದೊಡ್ಡ ಎಂಜಿನ್ ಅಂದ್ರೆ 12 ಸಿಲಿಂಡರ್, 19 ಲೀಟರ್ ಡೀಸೆಲ್. ಅದನ್ನ ತಣ್ಣಗಿಡೋಕೆ ನೀರಿಲ್ಲ, ಬರೀ ಗಾಳಿ. ಹಿಮಾಲಯದ ಚಳಿಯಲ್ಲಿ ಹೆಪ್ಪುಗಟ್ಟೋಕೆ, ರಾಜಸ್ಥಾನದ ಬಿಸಿಲಲ್ಲಿ ಕುದಿಯೋಕೆ ರೇಡಿಯೇಟರ್‌ನಲ್ಲಿ ನೀರೇ ಇರಲ್ಲ. ಟರ್ಬೊ ಇಲ್ಲದ ಆವೃತ್ತಿಯ ಶಕ್ತಿ ಸುಮಾರು 320 ಅಶ್ವಶಕ್ತಿ, ಅದೂ ನಿಮಿಷಕ್ಕೆ ಬರೀ 2200 ಸುತ್ತಿನಲ್ಲಿ.

ಈಗ ಮಜಾ ನೋಡಿ. ಟಾಟ್ರಾ ಬರೀ ಲಾರಿ ಕಂಪನಿ ಅಲ್ಲ. 1934ರಲ್ಲೇ ಗಾಳಿ ಸೀಳಿಕೊಂಡು ಹೋಗೋ ಆಕಾರದ ಟಾಟ್ರಾ 77 ಕಾರು ಮಾಡಿದ್ದ ಕಂಪನಿ ಅದು. ಅದರಲ್ಲಿ ಎಂಜಿನ್ ಇದ್ದಿದ್ದು ಹಿಂಭಾಗದಲ್ಲಿ, ಅದೂ ಗಾಳಿಯಿಂದ ತಣ್ಣಗಾಗೋ ವಿ8. ಮುಂದೆ 1991ರಲ್ಲಿ ಮೆಟಾಲೆಕ್ಸ್ ಅನ್ನೋ ಜೆಕ್ ಸಂಸ್ಥೆ ಒಂದು ಅಪ್ಪಟ ಸ್ಪೋರ್ಟ್ಸ್ ಕಾರು ತಂತು: ಎಂಟಿಎಕ್ಸ್ ಟಾಟ್ರಾ ವಿ8. ಅವರಿಗೆ ಟಾಟ್ರಾದಲ್ಲಿ ಎರಡು ಥರದ ಎಂಜಿನ್ ಸಿಗ್ತಿತ್ತು, ಲಾರಿದು ಮತ್ತು ಕಾರಿದು. ಅವರು ತಗೊಂಡಿದ್ದು ಯಾವುದು? ಟಾಟ್ರಾ 613 ಕಾರಿನ ವಿ8. ಅದನ್ನ 3.9 ಲೀಟರ್‌ಗೆ ಹಿಗ್ಗಿಸಿದ್ರು. ಇಂಜೆಕ್ಷನ್ ಇದ್ದ ಆವೃತ್ತಿಯಲ್ಲಿ ಬಂದಿದ್ದು ಸುಮಾರು 300 ಅಶ್ವಶಕ್ತಿ.

ಎರಡೂ ಲೆಕ್ಕ ಅಕ್ಕಪಕ್ಕ ಇಡಿ. ಲಾರಿಯ 19 ಲೀಟರ್‌ಗೆ 320, ಕಾರಿನ 3.9 ಲೀಟರ್‌ಗೆ 300. ಶಕ್ತಿ ಹತ್ತಿರ ಹತ್ತಿರ ಒಂದೇ! ನಾನು ಬಿಕಾಂ ಓದಿದವನು, ಹಾಗಾಗಿ ನಂಗೆ ಇದು ಬ್ಯಾಲೆನ್ಸ್ ಶೀಟ್ ಥರ ಕಾಣುತ್ತೆ. ಆದಾಯ ಒಂದೇ, ಖರ್ಚು ಬೇರೆ. ಇಲ್ಲಿ ಖರ್ಚು ಅಂದ್ರೆ ತೂಕ. ಇವತ್ತಿನ ಸ್ಪೋರ್ಟ್ಸ್ ಕಾರು ಒಟ್ಟಾರೆ ತೂಗೋದೇ ಒಂದೂವರೆ ಟನ್ ಆಸುಪಾಸು. ಆ ಡೀಸೆಲ್ ಎಂಜಿನ್ ಒಂದೇ ಕಾರಿನ ಅರ್ಧ ತೂಕ ತಿಂದುಬಿಡುತ್ತೆ. ನೇರ ರಸ್ತೆಯಲ್ಲಿ ಹೇಗೋ ನಡೆಯುತ್ತೆ, ತಿರುವಲ್ಲಿ ಮತ್ತು ಬ್ರೇಕ್ ಒತ್ತಿದಾಗ ಬಣ್ಣ ಬಯಲು.

"ಆದ್ರೆ ಟಾರ್ಕ್ ಇದೆಯಲ್ಲ?" ಅಂತ ಕೇಳ್ತೀರಿ. ಇದೆ, ಬೇಕಾದಷ್ಟಿದೆ. ಟಾರ್ಕ್ ಅಂದ್ರೆ ತಿರುಚೋ ಬಲ. ಹತ್ತಾರು ಟನ್ ಹೊತ್ತು ನಿಂತ ಜಾಗದಿಂದ ಕದಲೋಕೆ ಅದು ಬೇಕೇ ಬೇಕು. ಕಾರಿನಲ್ಲಿ ಆ ಬಲವನ್ನ ಗೇರ್ ಮೂಲಕ ವೇಗಕ್ಕೆ ತಿರುಗಿಸಬಹುದು, ನಿಜ. ಆದ್ರೆ ಹಾಗೆ ತಿರುಗಿಸಿದ ಮೇಲೆ ಚಕ್ರಕ್ಕೆ ತಲುಪೋದು ಅದೇ 320 ಅಶ್ವಶಕ್ತಿ. ಗೇರ್‌ಬಾಕ್ಸ್ ಶಕ್ತಿನ ಹುಟ್ಟಿಸಲ್ಲ, ರೂಪ ಬದಲಾಯಿಸುತ್ತೆ ಅಷ್ಟೇ.

ಹಾಗಾದ್ರೆ ಎರಡನೇ ಸ್ನೇಹಿತ ಗೆದ್ದನಾ? ಪೂರ್ತಿ ಇಲ್ಲ. 1992ರ ಡಾಡ್ಜ್ ವೈಪರ್ ಕಾರು ನೋಡಿ. ಅದರ 8 ಲೀಟರ್ ವಿ10 ಹುಟ್ಟಿದ್ದೇ ಲಾರಿ ಎಂಜಿನ್ ಯೋಜನೆಯಿಂದ. ಆಗ ಲ್ಯಾಂಬೋರ್ಗಿನಿ ಕಂಪನಿ ಕ್ರೈಸ್ಲರ್ ಕೈಲಿತ್ತು. ಅವರು ಆ ಎಂಜಿನ್ನನ್ನ ಎರಕದ ಕಬ್ಬಿಣದ ಬದಲು ಅಲ್ಯೂಮಿನಿಯಂನಲ್ಲಿ ಮಾಡಿಕೊಟ್ರು. 400 ಅಶ್ವಶಕ್ತಿ ಬಂತು. 1994ರ ಡಾಡ್ಜ್ ರ‍್ಯಾಮ್ ಟ್ರಕ್‌ಗೆ ಅದೇ ಕುಟುಂಬದ ಕಬ್ಬಿಣದ ವಿ10 ಹೋಯ್ತು, ಅದಕ್ಕೆ 300. ಅಣ್ಣತಮ್ಮಂದಿರೇ, ಆದ್ರೆ ಬೇರೆ ಬೇರೆ ಕೆಲಸಕ್ಕೆ ಬೆಳೆಸಿದ ಅಣ್ಣತಮ್ಮಂದಿರು. ಡೀಸೆಲ್ ಅನ್ನೋದೂ ತಪ್ಪಲ್ಲ. 2006ರಲ್ಲಿ ಲೆ ಮಾನ್ಸ್ 24 ಗಂಟೆ ರೇಸ್ ಗೆದ್ದ ಆಡಿ ಆರ್10 ಡೀಸೆಲ್ ಕಾರೇ. ಆದ್ರೆ ಅದು ಲಾರಿಯಿಂದ ಬಿಚ್ಚಿದ ಎಂಜಿನ್ ಅಲ್ಲ, ರೇಸ್‌ಗೆ ಅಂತಲೇ ಮಾಡಿದ್ದು.

ಅಂದ್ರೆ ಉತ್ತರ ಇಷ್ಟು: ಎಂಜಿನ್ ಬದಲಾಯಿಸ್ಬಹುದು, ಆದ್ರೆ ಎಂಜಿನ್ ಒಂದನ್ನೇ ಬದಲಾಯಿಸೋಕಾಗಲ್ಲ. ಸುತ್ತ ಇರೋದೆಲ್ಲಾ ಬದಲಾಗ್ಬೇಕು.

ಈ ಮಾತನ್ನ ಕೆಜಿಎಫ್ ಜನಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಗಣಿಗಳು ಮೊದಲು ಉಗಿ ಯಂತ್ರಗಳ ಮೇಲೆ ನಡೀತಿದ್ವು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಬಂದಿದ್ದು ಬರೀ ಮೋಟರ್ ಅಲ್ಲ. ಕಾವೇರಿ ದಂಡೆ ಮೇಲೆ ಪವರ್ ಹೌಸ್, ಅಲ್ಲಿಂದ ಇಲ್ಲಿವರೆಗೆ ಸುಮಾರು 147 ಕಿ.ಮೀ. ತಂತಿ, ವೋಲ್ಟೇಜ್ ಇಳಿಸೋ ಸ್ಟೇಷನ್, ಅದನ್ನ ನಡೆಸೋಕೆ ಕಲಿತ ಜನ. ಎಲ್ಲಾ ಬಂದಿದ್ದಕ್ಕೇ ಆ ಬದಲಾವಣೆ ನಿಂತಿತು.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಊರಿನ ಎಂಜಿನ್ನೇ ಇಳಿಸಿದ ಹಾಗೆ. ಅವತ್ತಿಂದ ಬೆಳಗಿನ ರೈಲು ನಮ್ಮ ವಯಸ್ಸಿನವರನ್ನ ತುಂಬ್ಕೊಂಡು ಬೆಂಗಳೂರಿಗೆ ಹೋಗುತ್ತೆ, ರಾತ್ರಿ ವಾಪಸ್ ತಂದು ಬಿಡುತ್ತೆ. ಊರಿಗೆ ಹೊಸ ಎಂಜಿನ್ ಸಿಕ್ಕಿದೆ, ಬೆಂಗಳೂರಿನ ಸಂಬಳ ಇದೆ ಅಂತ ಕೆಲವರು ಹೇಳ್ತಾರೆ. ಸಂಬಳ ಬರ್ತಿದೆ, ಸುಳ್ಳಲ್ಲ. ಆದ್ರೆ ಸುತ್ತ ಏನು ಬದಲಾಯ್ತು? ಕೆಲಸ ನೂರು ಕಿ.ಮೀ. ಆಚೆ, ಮನೆ ಇಲ್ಲಿ, ದಿನದಲ್ಲಿ ನಾಲ್ಕೈದು ಗಂಟೆ ರೈಲಲ್ಲಿ. ಭಾರೀ ಯಂತ್ರ ಬಿಚ್ಚಿ ಜೋಡಿಸೋ ವಿದ್ಯೆ ಇಲ್ಲಿನ ಮನೆಮನೆಯಲ್ಲಿತ್ತು. ಅದಕ್ಕೆ ತಕ್ಕ ಕೆಲಸ ಇಲ್ಲೇ ಯಾಕೆ ಹುಟ್ಟಬಾರದು? ಇದನ್ನ ಕೇಳೋದು ಹಳೇ ನೆನಪಿನ ಮೋಹ ಅಲ್ಲ, ಲೆಕ್ಕಾಚಾರ.

ಮುಂದಿನ ಸಲ ಟೀ ಅಂಗಡಿ ಮುಂದೆ ಈ ವಾದ ಬಂದ್ರೆ, "ಎಷ್ಟು ಪವರ್?" ಅಂತ ಕೇಳೋಕೆ ಮೊದಲು "ಯಾವ ಕೆಲಸಕ್ಕೆ?" ಅಂತ ಕೇಳಿ. ನಿಮ್ಮೂರಲ್ಲಿ ಇಂಥ ಯಂತ್ರದ ಕತೆ ಇದ್ರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.